ಸಿ.ಟಿ. ಸ್ಕ್ಯಾನ್ ನಾರ್ಮಲ್, ಆದ್ರೆ ಹುಡುಗ ನಾರ್ಮಲ್ ಇಲ್ಲ

ಕಳೆದ ವರ್ಷ ಸೆಕೆಂಡ್ ಸೆಮ್ ನಡೀತಿದ್ದಾಗ ನನ್ನ ರೂಮ್‌ಮೇಟ್‌ಗೆ ಆಕ್ಸಿಡೆಂಟ್ ಆಯ್ತು. ಫ್ರೆಂಡ್ ಸ್ಕೂಟರ್ ಹಿಂದೆ ಕೂತಿದ್ದ, ಕ್ರಾಸ್ ರೋಡಿಂದ ನುಗ್ಗಿದ ಕಾರು ಗುದ್ದಿತು. ಹೆಲ್ಮೆಟ್ ಹಾಕಿದ್ದ. ಆದರೂ ಅರ್ಧ ಗಂಟೆ ಏನಾಯ್ತು ಅನ್ನೋದು ಅವನಿಗೆ ಇವತ್ತಿಗೂ ನೆನಪಿಲ್ಲ. ಎರಡು ಸಲ ವಾಂತಿ ಮಾಡ್ಕೊಂಡ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ನಾರ್ಮಲ್ ಅಂದ್ರು, ಮೂರನೇ ದಿನ ಡಿಸ್ಚಾರ್ಜ್. ಕಾರಿನವರು ಮೂವತ್ತು ಸಾವಿರ ಕೊಡ್ತೀವಿ, ಕೇಸ್ ಗೀಸ್ ಬೇಡ ಅಂದ್ರು. ಅವನ ಅಪ್ಪನಿಗೂ ಮಗ ಉಳಿದನಲ್ಲ, ಅಷ್ಟು ಸಾಕು ಅನ್ನಿಸಿತ್ತು. ಸೋದರಮಾವ ಒಬ್ಬರು ಬಂದು "ಭಾವ, ಈಗಲೇ ಸಹಿ ಹಾಕಬೇಡಿ, ಎರಡು ತಿಂಗಳು ನೋಡೋಣ" ಅಂದಿದ್ದಕ್ಕೆ ಆ ಪೇಪರ್ ಹಾಗೇ ಉಳೀತು.

ಆ ಎರಡು ತಿಂಗಳಲ್ಲಿ ನಾವು ನೋಡಿದ್ದೇ ಬೇರೆ. ಮ್ಯಾಥ್ಸ್‌ನಲ್ಲಿ ನಮಗೆಲ್ಲ ಹೇಳಿಕೊಡ್ತಿದ್ದವನು ಒಂದೇ ಪ್ರಾಬ್ಲಮ್ಮನ್ನು ಅರ್ಧ ಮಾಡಿ ಎಲ್ಲಿದ್ದೆ ಅಂತ ಮರೀತಿದ್ದ. ಲ್ಯಾಬಲ್ಲಿ ಒಂದೇ ರೀಡಿಂಗ್ ಮೂರು ಸಲ ಬರೀತಿದ್ದ. ಟ್ಯೂಬ್‌ಲೈಟ್ ಬೆಳಕಿಗೆ ತಲೆನೋವು, ಸಣ್ಣ ವಿಷಯಕ್ಕೆ ಸಿಟ್ಟು. ನಾವು ಮೊದಲು ಆಕ್ಸಿಡೆಂಟ್ ನೆಪ ಹೇಳಿ ಕ್ಲಾಸ್ ತಪ್ಪಿಸ್ತಿದ್ದಾನೆ ಅಂತ ರೇಗಿಸಿದ್ವಿ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಅವನ ಜೊತೆ ವಕೀಲರ ಆಫೀಸಿಗೆ, ಡಾಕ್ಟರ್ ಹತ್ತಿರ ಓಡಾಡಿದಾಗ ನನಗೆ ಅರ್ಥ ಆಗಿದ್ದು ಒಂದೇ ವಿಷಯ. ಮುರಿದ ಕಾಲು ಎಕ್ಸ್-ರೇಯಲ್ಲಿ ಕಾಣುತ್ತೆ, ಕೋರ್ಟಿಗೂ ಕಾಣುತ್ತೆ. ತಲೆಯ ಪೆಟ್ಟು ಹಾಗಲ್ಲ, ಅದನ್ನ ನಾವೇ ಕಾಗದದ ಮೇಲೆ ಕಾಣೋ ಹಾಗೆ ಮಾಡಬೇಕು. ಹೇಗೆ ಅನ್ನೋದಕ್ಕೆ ಮೊದಲು ಅದು ಯಾಕೆ ಕಾಣಲ್ಲ ಅಂತ ನೋಡೋಣ. ಇದು ನಮ್ಮ ಮೆಕ್ಯಾನಿಕ್ಸ್ ಸಿಲಬಸ್ಸೇ.

ಸ್ಕೂಟರ್ ಮೇಲೆ ಕೂತವನ ತಲೆ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿರುತ್ತೆ ಅಂತಿಟ್ಟುಕೊಳ್ಳಿ. ಗಾಡಿಯ ಸ್ಪೀಡ್ ಮರೆತುಬಿಡಿ, ಬರೀ ಕೆಳಗೆ ಬಿದ್ದರೂ ನೆಲ ಮುಟ್ಟುವಾಗ ತಲೆಯ ವೇಗ ಸೆಕೆಂಡಿಗೆ 5.4 ಮೀಟರ್. ಬರಿತಲೆ ರಸ್ತೆಗೆ ಬಡಿದು ಅರ್ಧ ಸೆಂಟಿಮೀಟರ್ ಒಳಗೆ ನಿಂತರೆ ನಿಧಾನಗತಿ ಸುಮಾರು 300 ಜಿ. ಹೆಲ್ಮೆಟ್ಟಿನ ಥರ್ಮೋಕೋಲ್ ಪದರ 2.5 ಸೆಂಟಿಮೀಟರ್ ಕುಗ್ಗಿದರೆ ಅದು 60 ಜಿಗೆ ಇಳಿಯುತ್ತೆ. ಕಾರ್ ಕ್ರ್ಯಾಶ್ ಟೆಸ್ಟಿನಲ್ಲಿ ಹೆಡ್ ಇಂಜುರಿ ಕ್ರೈಟೀರಿಯನ್ ಅಂತ ಒಂದು ಅಳತೆ ಇದೆ, ಎಚ್.ಐ.ಸಿ. ಅಂತಾರೆ. ಸರಾಸರಿ ವೇಗೋತ್ಕರ್ಷವನ್ನು ಜಿ ಲೆಕ್ಕದಲ್ಲಿ ತಗೊಂಡು, 2.5ರ ಘಾತಕ್ಕೆ ಏರಿಸಿ, ಅದು ಇದ್ದ ಸಮಯದಿಂದ ಗುಣಿಸಬೇಕು. ಅಮೆರಿಕದ ನಿಯಮದಲ್ಲಿ 15 ಮಿಲಿಸೆಕೆಂಡ್ ಕಿಂಡಿಗೆ ಮಿತಿ 700. ನಮ್ಮ ಲೆಕ್ಕದಲ್ಲಿ ಬರಿತಲೆಗೆ ಸುಮಾರು 2,900 ಬರುತ್ತೆ, ಹೆಲ್ಮೆಟ್ ಇದ್ದರೆ ಸುಮಾರು 260. ನಿಧಾನಗತಿ ಒಂದೇ ಸಮ ಅಂತ ಇಟ್ಟುಕೊಂಡು ಮಾಡಿದ ಪೇಪರ್ ಲೆಕ್ಕ ಇದು, ನಿಜವಾದ ತಲೆ ಇಷ್ಟು ಸರಳ ಅಲ್ಲ. ಆದರೂ ಹೆಲ್ಮೆಟ್ ಯಾಕೆ ಅಂತ ಕೇಳೋರಿಗೆ ನನ್ನ ಹತ್ತಿರ ಇರೋ ಉತ್ತರ ಇದೇ.

ಈಗ ಮುಖ್ಯ ವಿಷಯ. ಈ ಸೂತ್ರದಲ್ಲಿ ಇರೋದು ನೇರ ಚಲನೆ ಮಾತ್ರ, ತಿರುಗುವಿಕೆ ಇಲ್ಲ. ಪೆಟ್ಟು ಓರೆಯಾಗಿ ಬಿದ್ದಾಗ ತಲೆ ಗಿರಕ್ಕಂತ ತಿರುಗುತ್ತೆ. ಬುರುಡೆ ಗಟ್ಟಿ, ಮಿದುಳು ಮೊಸರಿನ ಹಾಗೆ ಮೆತ್ತಗೆ. ಬುರುಡೆ ತಿರುಗಿದಷ್ಟು ಬೇಗ ಮಿದುಳು ತಿರುಗಲ್ಲ, ಹಾಗಾಗಿ ಒಳಗೆ ಶಿಯರ್ ಹುಟ್ಟುತ್ತೆ. ನರಕೋಶದ ಉದ್ದನೆಯ ಎಳೆಗಳು, ಅಂದ್ರೆ ಆಕ್ಸಾನ್‌ಗಳು, ಎಳೆದು ಹಾಳಾಗುತ್ತವೆ. ಇದಕ್ಕೆ ಡಿಫ್ಯೂಸ್ ಆಕ್ಸೋನಲ್ ಇಂಜುರಿ ಅಂತ ಹೆಸರು. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಮೂಳೆ ಮುರಿತವನ್ನೂ ಚೆನ್ನಾಗಿ ತೋರಿಸುತ್ತೆ, ಎಮರ್ಜೆನ್ಸಿಯಲ್ಲಿ ಜೀವ ಉಳಿಸೋದು ಅದೇ. ಆದರೆ ಈ ಎಳೆಗಳ ಹಾನಿ ಎಷ್ಟೋ ಸಲ ಅದರಲ್ಲಿ ಕಾಣೋದೇ ಇಲ್ಲ. ಎಂ.ಆರ್.ಐ.ನಲ್ಲಿ ಕಾಣೋ ಸಾಧ್ಯತೆ ಹೆಚ್ಚು, ಅಲ್ಲೂ ಗ್ಯಾರಂಟಿ ಇಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ಜಿ.ಸಿ.ಎಸ್. ಅಂತ ಒಂದು ನಂಬರ್ ಇರುತ್ತೆ. ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನೋ ಇಬ್ಬರು ವೈದ್ಯರು ಮಾಡಿದ್ದು. ಕಣ್ಣು ತೆರೆಯೋದಕ್ಕೆ 4, ಮಾತಿಗೆ 5, ಕೈಕಾಲು ಚಲನೆಗೆ 6, ಒಟ್ಟು 15. ಕನಿಷ್ಠ 3. 13ರಿಂದ 15 ಇದ್ದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ನನ್ನ ರೂಮ್‌ಮೇಟ್‌ದು 14 ಇತ್ತು, ಅಂದ್ರೆ "ಸೌಮ್ಯ". ಜೀವಕ್ಕೆ ಎಷ್ಟು ಅಪಾಯ ಅಂತ ಡಾಕ್ಟರಿಗೆ ಹೇಳೋ ಪದ ಅದು. ಮುಂದೆ ಅವನು ಇಂಜಿನಿಯರಿಂಗ್ ಓದೋಕೆ ಆಗುತ್ತಾ ಅಂತ ಅದು ಹೇಳಲ್ಲ. ಇನ್ಶೂರೆನ್ಸ್ ಕಡೆಯವರು ಮಾತ್ರ ಆ ಪದವನ್ನೇ ಹಿಡ್ಕೊಂಡು ಕೂರ್ತಾರೆ.

ಹಾಗಾದ್ರೆ ಕೋರ್ಟ್ ದುಡ್ಡು ಹೇಗೆ ಲೆಕ್ಕ ಹಾಕುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನಮ್ಮ ಕಡೆ ಜನ ಇದನ್ನ ಎಂ.ವಿ.ಸಿ. ಕೇಸ್ ಅಂತಾರೆ. ಅಪಘಾತ ಆದ ಊರಲ್ಲೇ ಹಾಕಬೇಕಂತಿಲ್ಲ, ನಾವು ವಾಸ ಇರೋ ಊರಲ್ಲೂ ಹಾಕಬಹುದು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಆಗಿರೋದರಿಂದ ಸಾಮಾನ್ಯವಾಗಿ ದುಡ್ಡು ಕೊಡೋದು ಗುದ್ದಿದವನ ಇನ್ಶೂರೆನ್ಸ್ ಕಂಪನಿ. "ಪಾಪ, ಕಾರಿನವರು ಎಲ್ಲಿಂದ ತರ್ತಾರೆ" ಅನ್ನೋ ಕನಿಕರಕ್ಕೆ ಇಲ್ಲಿ ಹೆಚ್ಚು ಜಾಗ ಇಲ್ಲ.

ಆಸ್ಪತ್ರೆ ಖರ್ಚು, ನೋವು, ಓಡಾಟ ಇವೆಲ್ಲ ಬೇರೆ ಬೇರೆ ಬಾಬ್ತು. ದೊಡ್ಡ ಮೊತ್ತ ಬರೋದು ಮುಂದಿನ ಗಳಿಕೆಯ ನಷ್ಟದಿಂದ. ಅದಕ್ಕೆ ಸೂತ್ರ: ವರ್ಷದ ಆದಾಯ × ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ ನಷ್ಟ × ಗುಣಕ. ಗುಣಕವನ್ನು 2009ರ ಸರಳಾ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿನ ಪ್ರಕಾರ ಟೇಬಲ್ ಮಾಡಿ ಕೊಟ್ಟಿದೆ. ನಮ್ಮ ವಯಸ್ಸಿಗೆ, 15ರಿಂದ 25ರವರೆಗೆ, 18. ಆಮೇಲೆ ಇಳೀತಾ ಹೋಗುತ್ತೆ, 36ರಿಂದ 40ಕ್ಕೆ 15, 56ರಿಂದ 60ಕ್ಕೆ 9. 2017ರ ಪ್ರಣಯ್ ಸೇಠಿ ತೀರ್ಪು ಮುಂದಿನ ಏಳಿಗೆಯನ್ನೂ ಸೇರಿಸಬೇಕು ಅಂತು. 40ರೊಳಗಿನ, ಕಾಯಂ ನೌಕರಿ ಇಲ್ಲದವರಿಗೆ ಆದಾಯದ ಮೇಲೆ ಶೇ. 40. ಅದು ಸಾವಿನ ಕೇಸು, ಆದರೆ ಗಾಯಾಳುಗಳಿಗೂ ಇದು ಅನ್ವಯಿಸುತ್ತೆ ಅಂತ ಆಮೇಲಿನ ತೀರ್ಪುಗಳು ಹೇಳಿವೆ.

ಆದರೆ ಸ್ಟೂಡೆಂಟಿಗೆ ಆದಾಯ ಎಲ್ಲಿದೆ? ಸೊನ್ನೆ ಇಂಟು ಏನೇ ಮಾಡಿದರೂ ಸೊನ್ನೆ ಅಲ್ವಾ ಅಂತ ನಾನೂ ಕೇಳಿದೆ. ವಕೀಲರು 2010ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನ ತೋರಿಸಿದರು. ಫೈನಲ್ ಇಯರ್ ಮೆಕ್ಯಾನಿಕಲ್ ಹುಡುಗ, ಒಳ್ಳೆ ಕಾಲೇಜು, ಎಲ್ಲಾ ಸೆಮಿಸ್ಟರ್ ಡಿಸ್ಟಿಂಕ್ಷನ್. ಅಪಘಾತ ಆಗಿ ಸುಮಾರು ಎರಡು ತಿಂಗಳು ಕೋಮಾದಲ್ಲಿದ್ದ, ಬಲಗೈ ಹೋಯ್ತು, ದೃಷ್ಟಿಗೂ ತೀವ್ರ ಪೆಟ್ಟು. ಶೇ. 70 ಶಾಶ್ವತ ಅಂಗವೈಕಲ್ಯ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ವರ್ಷಕ್ಕೆ 3,50,000 ರೂಪಾಯಿ ಪ್ಯಾಕೇಜ್ ಸಿಕ್ಕಿತ್ತು ಅಂತ ಅವನು ಹೇಳಿದ, ಆದರೆ ಅದಕ್ಕೆ ಪುರಾವೆ ಇರಲಿಲ್ಲ. ಕೋರ್ಟ್ ಸರ್ಕಾರಿ ಅಸಿಸ್ಟೆಂಟ್ ಇಂಜಿನಿಯರ್ ಸಂಬಳದ ಆಧಾರದ ಮೇಲೆ ವರ್ಷಕ್ಕೆ 60,000 ಅಂತ ಹಿಡಿದು, ಅದರ ಶೇ. 70 ಅಂದ್ರೆ 42,000ವನ್ನು 18ರಿಂದ ಗುಣಿಸಿ 7,56,000 ಕೊಟ್ಟಿತು. ಓದಿದಾಗ ನನಗೆ ಎರಡು ಅನ್ನಿಸಿತು. ಸ್ಟೂಡೆಂಟಿನ ಭವಿಷ್ಯಕ್ಕೂ ಬೆಲೆ ಇದೆ ಅಂತ ಕೋರ್ಟ್ ಒಪ್ಪಿದ್ದು ಸಮಾಧಾನ. ಒಂದು ಆಫರ್ ಲೆಟರ್ ಫೈಲಿನಲ್ಲಿ ಇಲ್ಲದೆ ಹೋದರೆ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದು ಸಂಕಟ. ಮಾರ್ಕ್ಸ್ ಕಾರ್ಡ್, ಇಂಟರ್ನ್‌ಶಿಪ್ ಸರ್ಟಿಫಿಕೇಟ್, ನಮ್ಮ ಸೀನಿಯರ್‌ಗಳಿಗೆ ಸಿಕ್ಕ ಸಂಬಳದ ಬಗ್ಗೆ ಪ್ಲೇಸ್‌ಮೆಂಟ್ ಸೆಲ್ಲಿನ ಪತ್ರ, ಇವೆಲ್ಲ ಬರೀ ಕಾಗದ ಅಲ್ಲ.

ಸೂತ್ರದ ಮಧ್ಯದ ಪದವೇ ತಲೆಪೆಟ್ಟಿನವರಿಗೆ ದೊಡ್ಡ ಗುಂಡಿ. ಡಾಕ್ಟರ್ ಸರ್ಟಿಫಿಕೇಟಿನ ಶೇಕಡಾವಾರೂ ಗಳಿಕೆಯ ನಷ್ಟದ ಶೇಕಡಾವಾರೂ ಒಂದೇ ಅಲ್ಲ. ಅದೇ 2010ರಲ್ಲಿ ಬಂದ ರಾಜ್ ಕುಮಾರ್ ತೀರ್ಪು ಇದನ್ನ ಬಿಡಿಸಿ ಹೇಳುತ್ತೆ. ಎಡಗೈ ಕಳೆದುಕೊಂಡವನಿಗೆ ದೇಹದ ಲೆಕ್ಕದಲ್ಲಿ ಶೇ. 60 ಇರಬಹುದು. ಅವನು ಡ್ರೈವರೋ ಬಡಗಿಯೋ ಆಗಿದ್ದರೆ ಗಳಿಕೆ ಹೆಚ್ಚುಕಮ್ಮಿ ಪೂರ್ತಿ ಹೋಯ್ತು. ಸರ್ಕಾರಿ ಕ್ಲರ್ಕ್ ಆಗಿದ್ದರೆ ಕೆಲಸ ಉಳಿಯಬಹುದು. ಇದನ್ನ ತಲೆಗೆ ಹಚ್ಚಿ ನೋಡಿ. ಕೈಕಾಲು ಸರಿ ಇದೆ, ಸರ್ಟಿಫಿಕೇಟಿನಲ್ಲಿ ಶೇ. 10 ಅಂತ ಬರೀತಾರೆ. ಆದರೆ ಹತ್ತು ನಿಮಿಷ ಗಮನ ನಿಲ್ಲದವನು ಕೋಡ್ ಬರೆಯೋದು ಹೇಗೆ? ತಿಂಗಳಿಗೆ 20,000 ಆದಾಯ ಅಂತ ಕೋರ್ಟ್ ಹಿಡಿದು, ಶೇ. 40 ಸೇರಿಸಿದರೆ ವರ್ಷಕ್ಕೆ 3,36,000. ಶೇ. 10 ನಷ್ಟ ಅಂದ್ರೆ 6,04,800. ಶೇ. 40 ಅಂದ್ರೆ 24,19,200. ಅದೇ ಹುಡುಗ, ಅದೇ ಪೆಟ್ಟು.

ಈ ವ್ಯತ್ಯಾಸವನ್ನು ತೋರಿಸೋದು ನ್ಯೂರೋಸೈಕಾಲಜಿ ಪರೀಕ್ಷೆ. ಗಮನ, ನೆನಪು, ಯೋಚನೆಯ ವೇಗ, ಪ್ಲ್ಯಾನ್ ಮಾಡೋ ಶಕ್ತಿ ಇವನ್ನೆಲ್ಲ ಗಂಟೆಗಟ್ಟಲೆ ಕೂರಿಸಿ ಅಳೀತಾರೆ. ಬೇರೆ ದೇಶದ ಪರೀಕ್ಷೆಗಳನ್ನ ಹಾಗೇ ನಮ್ಮ ಜನಕ್ಕೆ ಹಾಕಿದರೆ ತಪ್ಪು ಉತ್ತರ ಬರುತ್ತೆ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮವರ ಓದು, ವಯಸ್ಸಿಗೆ ಹೊಂದೋ ಹಾಗೆ ಒಂದು ಪರೀಕ್ಷಾ ಸರಣಿ ಮಾಡಿದ್ದಾರೆ, 2004ರಲ್ಲಿ ಪ್ರಕಟ ಆಯ್ತು. ರಿಪೋರ್ಟ್ ಕೊಟ್ಟರೆ ಮುಗೀಲಿಲ್ಲ, ಅದನ್ನ ಬರೆದವರು ಕೋರ್ಟಿಗೆ ಬಂದು ಸಾಕ್ಷಿ ಹೇಳಿದರೆ ಅದಕ್ಕೆ ತೂಕ. ಜೊತೆಗೆ ನಮ್ಮಂಥವರ ಮಾತೂ ಬೇಕಾಗುತ್ತೆ. ಮುಂಚೆ ಹೇಗಿದ್ದ, ಈಗ ಹೇಗಿದ್ದಾನೆ ಅಂತ. ಅವನ ಅಮ್ಮ ಮಗ ಮರೆತ ವಿಷಯಗಳನ್ನೆಲ್ಲ ಹಳೇ ಕ್ಯಾಲೆಂಡರಿನ ತಾರೀಖುಗಳ ಮೇಲೆ ಬರೆದಿಟ್ಟಿದ್ದರು. ಗ್ಯಾಸ್ ಆಫ್ ಮಾಡಿಲ್ಲ, ತಂಗಿ ಬರ್ತ್‌ಡೇ ಮರೆತ, ಹೀಗೆ. ವಕೀಲರು ಅದನ್ನ ನೋಡಿ ತುಂಬಾ ಖುಷಿ ಪಟ್ಟರು, ನಮಗೆ ಮಾತ್ರ ಖುಷಿ ಪಡೋಕಾಗಲಿಲ್ಲ.

ಪೆಟ್ಟು ತೀವ್ರ ಆದಾಗ ಲೆಕ್ಕ ಇನ್ನೊಂದು ಕಡೆಗೆ ಹೋಗುತ್ತೆ. 2020ರ ಫೆಬ್ರವರಿಯ ಒಂದು ಸುಪ್ರೀಂ ಕೋರ್ಟ್ ತೀರ್ಪು, ತಲೆಗೆ ಪೆಟ್ಟು ಬಿದ್ದ 12 ವರ್ಷದ ಹುಡುಗಿಯದು. ಬುದ್ಧಿ ಬೆಳವಣಿಗೆ ಒಂಬತ್ತು ತಿಂಗಳ ಮಗುವಿನ ಮಟ್ಟಕ್ಕೆ ಇಳಿದಿತ್ತು. ಅವಳನ್ನ ನೋಡಿಕೊಳ್ಳೋರಿಗೆ ಒಂದಷ್ಟು ದುಡ್ಡು ಅಂತ ಅಂದಾಜಿಗೆ ಕೊಡಬಾರದು, ಅದಕ್ಕೂ ಗುಣಕ ಹಾಕಬೇಕು ಅಂದಿತು ಕೋರ್ಟ್. ತಿಂಗಳಿಗೆ 5,000ದಂತೆ ಇಬ್ಬರು, 12 ತಿಂಗಳು, 18ರ ಗುಣಕ, ಆ ಬಾಬ್ತಿಗೇ 21,60,000. ಮನೆಯವರ ದುಡಿಮೆಗೂ ಬೆಲೆ ಕಟ್ಟಬೇಕು ಅನ್ನೋ ಈ ತೀರ್ಪು ನನಗೆ ಉಳಿದೆಲ್ಲಕ್ಕಿಂತ ಇಷ್ಟ ಆಯ್ತು.

ಹಾಸ್ಟೆಲಿನಲ್ಲಿ ಕೇಳೋ ಒಂದು ಪ್ರಶ್ನೆ: ಹೆಲ್ಮೆಟ್ ಇಲ್ಲದಿದ್ದರೆ, ತ್ರಿಬ್ಸ್ ಹೋಗ್ತಿದ್ದರೆ ಏನೂ ಸಿಗಲ್ವಾ? ಸಿಗಲ್ಲ ಅಂತ ಅಲ್ಲ. ಮೂರು ಜನ ಕೂತಿದ್ದರು ಅನ್ನೋದೊಂದೇ ಕಾರಣಕ್ಕೆ ಗಾಯಾಳುವಿನ ಮೇಲೆ ತಪ್ಪು ಹೊರಿಸೋಕಾಗಲ್ಲ, ಅಪಘಾತಕ್ಕೂ ಅದಕ್ಕೂ ಸಂಬಂಧ ತೋರಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹೆಲ್ಮೆಟ್ ಇಲ್ಲದೆ ತಲೆಗೇ ಪೆಟ್ಟಾಗಿದ್ದರೆ ನಿಮ್ಮ ಪಾಲಿನ ತಪ್ಪು ಅಂತ ಒಂದಷ್ಟು ಕಡಿತ ಆಗಬಹುದು. ಇದನ್ನ ಓದಿ ತ್ರಿಬ್ಸ್ ಹೋಗಬೇಡಿ ಮಾರಾಯ್ರೆ. ಗುದ್ದಿದ ಗಾಡಿ ಸಿಗದೇ ಹೋದರೂ ಪೂರ್ತಿ ಕೈ ಬಿಡಲ್ಲ, ಹಿಟ್ ಅಂಡ್ ರನ್ನಿಗೆ 161ನೇ ಸೆಕ್ಷನ್ನಿನಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ.

ಸಮಯದ ವಿಷಯ ಗಟ್ಟಿಯಾಗಿ ನೆನಪಿಡಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದಾರೆ, ಆದರೂ ಅದನ್ನ ನಂಬ್ಕೊಂಡು ಕೂರೋದು ಬೇಡ. ತಲೆಪೆಟ್ಟಿನವರಿಗೆ ಇದು ಕಷ್ಟ, ಯಾಕಂದ್ರೆ ಏನು ಹಾಳಾಗಿದೆ ಅಂತ ಗೊತ್ತಾಗೋಕೇ ತಿಂಗಳುಗಳು ಬೇಕು. ಹಾಗಾಗಿ ಅರ್ಜಿ ಮೊದಲು ಹಾಕಿ, ಅಂಗವೈಕಲ್ಯದ ಪರೀಕ್ಷೆ ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆ ಮಾಡಿಸಿ. ಲೋಕ ಅದಾಲತ್‌ನಲ್ಲಿ ರಾಜಿ ಮಾಡ್ಕೊಳ್ಳೋದೂ ಆ ಪರೀಕ್ಷೆ ಆದ ಮೇಲೆಯೇ ಸರಿ, ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ಮೊದಲ ದಿನವೇ ಆಸ್ಪತ್ರೆಯಲ್ಲಿ ರಸ್ತೆ ಅಪಘಾತ ಅಂತ ಹೇಳಿ ಎಂ.ಎಲ್.ಸಿ. ಬರೆಸಿ. "ಬಾತ್‌ರೂಮಲ್ಲಿ ಬಿದ್ದ" ಅಂತ ಬರೆಸಿದ ಸುಳ್ಳು ಆಮೇಲೆ ಕೇಸನ್ನೇ ತಿಂದುಹಾಕುತ್ತೆ. ಪ್ರಜ್ಞೆ ತಪ್ಪಿದ್ದು, ವಾಂತಿ, ನೆನಪಿಲ್ಲದ ಅರ್ಧ ಗಂಟೆ, ಇವೆಲ್ಲ ಆ ಚೀಟಿಯಲ್ಲಿ ಇರಲೇಬೇಕು. ಎಫ್.ಐ.ಆರ್. ಕಾಪಿ, ಗಾಯದ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಶಾಪಿನ ಚಿಕ್ಕ ಬಿಲ್ ಕೂಡ ಒಂದೇ ಫೈಲಿಗೆ ಹಾಕಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ, ಅಡ್ಮಿಟ್ ಮಾಡುವಾಗಲೇ ಕೇಳಿ.

ನನ್ನ ರೂಮ್‌ಮೇಟ್ ಅರ್ಜಿ ಐದನೇ ತಿಂಗಳಲ್ಲಿ ಹಾಕಿದ್ದು, ಕೇಸ್ ಇನ್ನೂ ನಡೀತಿದೆ. ಈ ಸೆಮ್ ಅವನು ಮೂರೇ ಪೇಪರ್ ತಗೊಂಡಿದ್ದಾನೆ, ನೋಟ್ಸನ್ನ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳ್ತಾನೆ. ಹೆಸರು ಹಾಕಬೇಡ, ವಿಷಯ ಬರಿ ಅಂದ. ವಕೀಲರ ಫೀಸಿಗೆ ದುಡ್ಡಿಲ್ಲ ಅನ್ನೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಅದು ಜಿಲ್ಲಾ ಕೋರ್ಟ್ ಆವರಣದಲ್ಲೇ ಸಾಮಾನ್ಯವಾಗಿ ಇರುತ್ತೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರೋರಿಗೆ ಅಲ್ಲಿ ವಕೀಲರ ನೆರವು ಉಚಿತ. ಕಾನೂನು ನೆರವಿನ ಸಹಾಯವಾಣಿ 15100.