ಮರದ ಮೆರುಗು ಮತ್ತು ಮನೆಯವರ ಆರೋಗ್ಯ

ಕಳೆದ ಬೇಸಿಗೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಒಣಕೆಮ್ಮು, ತಲೆನೋವು ಹಾಗೂ ಮುಂಗೈಗಳ ಮೇಲೆ ಎದ್ದ ತುರಿಕೆಯ ಗಂದೆಗಳೊಂದಿಗೆ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಅವರಿಗೆ ಬೀಡಿ, ಸಿಗರೇಟುಗಳ ಅಭ್ಯಾಸವಿಲ್ಲ. ಹಿಂದೆ ಉಬ್ಬಸದ ತೊಂದರೆಯೂ ಇರಲಿಲ್ಲ. ನಾವು ಕಾಸಕ್ಕೆ ಕಷಾಯವನ್ನೂ ಚರ್ಮಕ್ಕೆ ಲೇಪವನ್ನೂ ಕೊಟ್ಟು ಕಳುಹಿಸಿದೆವು. ವಾರ ಕಳೆದು ಅವರು ಮರಳಿ ಬಂದಾಗ ಒಂದೂ ಗುಣವಾಗಿರಲಿಲ್ಲ. ಅಂದು ನಾಡಿ ಹಿಡಿಯುವಾಗ ಅವರ ಉಗುರುಗಳ ಸಂದಿಯಲ್ಲಿ ಹಸಿರು ಧೂಳು ನಮ್ಮ ಕಣ್ಣಿಗೆ ಬಿತ್ತು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆವು: "ಈಚೆಗೆ ಮನೆಯಲ್ಲಿ ಏನು ಕೆಲಸ ಹಚ್ಚಿಕೊಂಡಿದ್ದೀರಿ?"

ಮೊಮ್ಮಗಳನ್ನು ಮಲಗಿಸಬೇಕೆಂಬ ಆಸೆಯಿಂದ, ಒಂದು ಕಾಲದಲ್ಲಿ ತಮ್ಮನ್ನೇ ತೂಗಿದ್ದ ತೇಗದ ತೊಟ್ಟಿಲನ್ನು ಅವರು ಅಟ್ಟದಿಂದ ಇಳಿಸಿದ್ದರು. ಕಿಟಕಿ ಮುಚ್ಚಿದ ಹಿತ್ತಲ ಕೋಣೆಯಲ್ಲಿ ಕುಳಿತು, ಅದರ ಹಳೆಯ ಹಸಿರು ಬಣ್ಣವನ್ನು ದಿನವೂ ಎರಡು ಮೂರು ಗಂಟೆ ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಸಂಜೆ ಥಿನ್ನರಿನಿಂದ ಕೈ ತೊಳೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿಯೇ ಬಾಣಂತಿ ಮಗಳು ಹಸುಗೂಸಿನೊಂದಿಗೆ ಮಲಗಿದ್ದಳು.

ಆಯುರ್ವೇದವು ಚಿಕಿತ್ಸೆಯಲ್ಲಿ ನಿದಾನ ಪರಿವರ್ಜನಕ್ಕೆ, ಎಂದರೆ ರೋಗಕಾರಣವನ್ನು ದೂರಮಾಡುವುದಕ್ಕೆ, ಅಗ್ರಸ್ಥಾನ ಕೊಟ್ಟಿದೆ. ಕಾರಣವು ಮನೆಯ ಹಿತ್ತಲಲ್ಲಿ ಮುಂದುವರಿದಿರುವಾಗ ಔಷಧವು ಹೊಟ್ಟೆಗೆ ಹೋಗಿ ಪ್ರಯೋಜನವಿಲ್ಲ. ಬಾಗಿಲು, ಮಂಚ, ತೊಟ್ಟಿಲುಗಳಿಗೆ ಮನೆಯಲ್ಲಿಯೇ ಮೆರುಗು ಕೊಡುವ ಒಳ್ಳೆಯ ಹವ್ಯಾಸ ನಮ್ಮ ಓದುಗರಲ್ಲಿ ಅನೇಕರಿಗಿದೆ. ಆ ಕೆಲಸದಲ್ಲಿ ಧೂಳು, ಆವಿ ಮತ್ತು ಎಣ್ಣೆಬಟ್ಟೆ ಎಂಬ ಮೂರು ಅಪಾಯಗಳನ್ನು ದೂರವಿಡುವ ಬಗೆಯನ್ನು ಈ ತಿಂಗಳು ವಿಚಾರ ಮಾಡೋಣ.

ಧೂಳು

ಗರಗಸದಿಂದ ಉದುರುವ ದಪ್ಪ ಹೊಟ್ಟು ಅಷ್ಟು ಕೆಡುಕಲ್ಲ. ಉಪ್ಪುಕಾಗದದಿಂದ ಏಳುವ, ಕಣ್ಣಿಗೆ ಕಾಣದ ನುಣ್ಣನೆಯ ಪುಡಿಯೇ ಶ್ವಾಸಕೋಶದ ಆಳಕ್ಕೆ ಇಳಿಯುವಂಥದು. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಮೂಗಿನ ಒಳಭಾಗ ಮತ್ತು ಅದರ ಸುತ್ತಲಿನ ಕುಹರಗಳು ಇದಕ್ಕೆ ಗುರಿಯಾಗುತ್ತವೆ. ಈ ಭಯ ಮುಖ್ಯವಾಗಿ ವರ್ಷಾನುಗಟ್ಟಲೆ ಧೂಳಿನಲ್ಲಿ ದುಡಿಯುವವರದು. ಆದರೆ ಕೆಮ್ಮು, ನೆಗಡಿ, ಉಬ್ಬಸಗಳು ಕೆಲವೇ ದಿನಗಳ ಕೆಲಸದಿಂದಲೂ ಬರಬಲ್ಲವು. ತೇಗ ಮತ್ತು ಬೀಟೆ ಮರಗಳಲ್ಲಿ ಸಹಜವಾಗಿರುವ ಕೆಲವು ರಾಸಾಯನಿಕಗಳು ಚರ್ಮಕ್ಕೆ ಒಗ್ಗದೆ ತುರಿಕೆಯ ಗಂದೆಗಳನ್ನು ಎಬ್ಬಿಸುತ್ತವೆ. ನಮ್ಮ ಶಿಕ್ಷಕರ ಮುಂಗೈಗೆ ಆದದ್ದು ಇದೇ.

ಹಳೆಯ ಬಣ್ಣದ ಧೂಳು ಇದಕ್ಕಿಂತಲೂ ಘೋರವಾದುದು. ಹಿಂದಿನ ಎಣ್ಣೆಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ, ಹಸಿರು, ಕೆಂಪು ವರ್ಣಗಳಲ್ಲಿ, ಸೀಸದ ಲವಣಗಳನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಿಗೆ 90 ಭಾಗಗಳನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಬಣ್ಣವೆಲ್ಲವೂ ಶಂಕೆಗೆ ಅರ್ಹವೆಂದೇ ತಿಳಿಯಬೇಕು. ನಾಗವೆಂದು ನಮ್ಮ ಶಾಸ್ತ್ರಗಳಲ್ಲಿ ಹೆಸರಾದ ಸೀಸವನ್ನು ಶೋಧನ ಮಾರಣಗಳಿಲ್ಲದೆ ಮುಟ್ಟಬಾರದೆಂದು ರಸವೈದ್ಯರು ವಿಧಿಸಿದ್ದಾರೆ. ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಅದು ಕುಂಠಿತಗೊಳಿಸುತ್ತದೆ. ಮಕ್ಕಳಿಗೆ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ.

ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜುವುದಾಗಲಿ ಬೆಂಕಿಯಿಂದ ಸುಟ್ಟು ಕೆರೆಯುವುದಾಗಲಿ ಸರ್ವಥಾ ಸಲ್ಲದು. ಬಾಗಿಲಿನ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕದಲಿಸದೆ ಮೇಲೆಯೇ ಹೊಸ ಬಣ್ಣ ಕೊಡುವುದು ಲೇಸು. ತೆಗೆಯಲೇಬೇಕಾದಲ್ಲಿ ಮನೆಯ ಹೊರಗೆ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರಿನಲ್ಲಿ ನೆನೆಯುವ ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಬೇಕು. ಹಾಳೆಯನ್ನು ಮಡಚಿ ಕಟ್ಟಿ ವಿಲೇವಾರಿ ಮಾಡಬೇಕು. ಆ ಪುಡಿಯನ್ನು ಒಲೆಗೆ ಹಾಕಬಾರದು, ಹಿತ್ತಲ ಗಿಡಗಳ ಬುಡಕ್ಕೆ ಸುರಿಯಬಾರದು. ಗರ್ಭಿಣಿಯರಾಗಲಿ ಚಿಕ್ಕ ಮಕ್ಕಳಾಗಲಿ ಇರುವ ಮನೆಯಲ್ಲಿ ಈ ಕೆಲಸವನ್ನೇ ಇಟ್ಟುಕೊಳ್ಳಬಾರದು.

ಮುಖಕ್ಕೆ ಸುತ್ತಿದ ಟವೆಲು ದಪ್ಪ ಹೊಟ್ಟನ್ನು ತಡೆಯಬಹುದೇ ಹೊರತು ನುಣುಪು ಧೂಳನ್ನು ತಡೆಯದು. ಎನ್-95 ಮುಖಗವಸು ಬೇಕು. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಧೂಳು ಹಿಡಿದ ಬಟ್ಟೆಯಲ್ಲಿಯೇ ಮಗುವನ್ನು ಎತ್ತಿಕೊಳ್ಳಬಾರದು. ಧೂಳಿನಲ್ಲಿ ದುಡಿದವರು ಬೆಲ್ಲ ತಿಂದರೆ ಎದೆ ಶುದ್ಧವಾಗುತ್ತದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಬೆಲ್ಲ ಗಂಟಲಿಗೆ ಹಿತವೇ. ಆದರೆ ಅದು ಇಳಿಯುವುದು ಅನ್ನನಾಳಕ್ಕೆ, ಧೂಳು ಇಳಿಯುವುದು ಶ್ವಾಸನಾಳಕ್ಕೆ.

ಆವಿ

ಥಿನ್ನರ್, ಟರ್ಪೆಂಟೈನ್, ಸ್ಪಿರಿಟ್ ಮೊದಲಾದ ದ್ರಾವಕಗಳ ಆವಿ ತಲೆಸುತ್ತು, ತಲೆನೋವು, ವಾಕರಿಕೆಗಳನ್ನು ತರುತ್ತದೆ. ಧೂಳಿಗೆ ಸಾಕಾಗುವ ಎನ್-95 ಗವಸು ಆವಿಗೆ ಸಾಲದೆಂಬುದನ್ನು ನೆನಪಿಡಬೇಕು. ಅದಕ್ಕೆ ಇದ್ದಿಲಿನ ಶೋಧಕವುಳ್ಳ ಬೇರೆಯ ಗವಸು ಬೇಕು. ಎದುರು ಬದುರು ಕಿಟಕಿಗಳನ್ನು ತೆರೆದು ಗಾಳಿಯಾಡುವಲ್ಲಿ, ಸಾಧ್ಯವಾದರೆ ಪಡಸಾಲೆಯ ಹೊರಗೆ, ಒಲೆ ದೀಪಗಳಿಂದ ದೂರದಲ್ಲಿ ಕೆಲಸ ಮಾಡುವುದೇ ಉತ್ತಮ. ಗಟ್ಟಿಕಾರಕವನ್ನು ಬೆರೆಸಿ ಸಿಂಪಡಿಸುವ ಪಿ.ಯು. ಮೆರುಗಿನಲ್ಲಿ ಐಸೋಸಯನೇಟ್ ಎಂಬ ವಸ್ತುವಿದ್ದು, ಅದು ಆರೋಗ್ಯವಂತರಲ್ಲಿಯೂ ಹೊಸದಾಗಿ ಉಬ್ಬಸವನ್ನು ಹುಟ್ಟಿಸಬಲ್ಲದು. ಅದನ್ನು ಮನೆಯಲ್ಲಿ ಪ್ರಯೋಗಿಸದಿರುವುದೇ ಕ್ಷೇಮ.

ಕೈಗೆ ಅಂಟಿದ ಬಣ್ಣವನ್ನು ಥಿನ್ನರಿನಿಂದ ತೊಳೆದರೆ ಚರ್ಮದ ಸ್ನಿಗ್ಧತೆಯೇ ಹೋಗಿ ಬಿರುಕು ಬಿಡುತ್ತದೆ. ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ಉಜ್ಜಿ, ಬಟ್ಟೆಯಿಂದ ಒರೆಸಿ, ಬಳಿಕ ಕಡಲೆಹಿಟ್ಟು ಅಥವಾ ಸಾಬೂನಿನಿಂದ ತೊಳೆದರೆ ಸಾಕು.

ಈ ದ್ರಾವಕಗಳನ್ನು ತಂಪು ಪಾನೀಯದ ಖಾಲಿ ಸೀಸೆಯಲ್ಲಿ ತುಂಬಿಡುವ ಪದ್ಧತಿಯಿಂದ ಮಕ್ಕಳಿಗೆ ಬಹಳ ಅನಾಹುತವಾಗುತ್ತದೆ. ಮಗು ಟರ್ಪೆಂಟೈನ್ ಅಥವಾ ಥಿನ್ನರ್ ಕುಡಿದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಹೊಕ್ಕು ಇನ್ನೂ ಹೆಚ್ಚು ಕೇಡು ಮಾಡುತ್ತದೆ. ಉಪ್ಪುನೀರು, ಹಾಲು, ಎಣ್ಣೆ ಯಾವುದನ್ನೂ ಕುಡಿಸದೆ, ಆ ಡಬ್ಬಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಣ್ಣಿಗೆ ಸಿಡಿದರೆ ಶುದ್ಧವಾದ ನೀರಿನಿಂದ 15 ನಿಮಿಷ ಬಿಡದೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಯಾವ ಮೆರುಗು ಹಿತ?

ಮಗು ಬಾಯಿ ಹಚ್ಚುವ ತೊಟ್ಟಿಲು, ಆಟಿಕೆಗಳಿಗೆ ಅರಗು ಒಳ್ಳೆಯದು. ಮುತ್ತುಗ ಮೊದಲಾದ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ಈ ದ್ರವ್ಯವೇ ನಮ್ಮ ಲಾಕ್ಷಾ. ಮೂಳೆ ಮುರಿತಕ್ಕೆ ಕೊಡುವ ಲಾಕ್ಷಾದಿ ಗುಗ್ಗುಲುವಿನಲ್ಲಿ ಇರುವುದೂ ಇದೇ. ಚನ್ನಪಟ್ಟಣದ ಕುಶಲಿಗಳು ತಿರುಗುವ ಹಾಲೆಮರದ ಗೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಬಿಸಿಯಿಂದಲೇ ಅದನ್ನು ಕರಗಿಸಿ ಬಳಿಯುತ್ತಾರೆ. ಅಲ್ಲಿ ದ್ರಾವಕದ ಅಗತ್ಯವೇ ಇಲ್ಲ. ಮನೆಯಲ್ಲಿ ಮಾಡುವವರು ಅಂಗಡಿಯಲ್ಲಿ ಶೆಲ್ಲಾಕ್ ಎಂಬ ಹೆಸರಿನಿಂದ ಸಿಗುವ ತೆಳು ಚಕ್ಕೆಗಳನ್ನು 100 ಮಿ.ಲೀ. ಸ್ಪಿರಿಟಿಗೆ 20ರಿಂದ 25 ಗ್ರಾಂ ಪ್ರಮಾಣದಲ್ಲಿ ಹಾಕಿ, ರಾತ್ರಿಯಿಡೀ ಕರಗಲು ಬಿಟ್ಟು, ಸೋಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಹಲವು ಸಲ ಬಳಿಯಬೇಕು. ಆ ಸ್ಪಿರಿಟಿನಲ್ಲಿ ಮೆಥನಾಲ್ ಎಂಬ ವಿಷ ಸೇರಿರಬಹುದಾದ್ದರಿಂದ ಗಾಳಿಯಾಡುವಲ್ಲಿಯೇ ಕೆಲಸ ನಡೆಯಬೇಕು. ಪೂರ್ತಿ ಆರಿದ ಬಳಿಕವೇ ವಸ್ತುವನ್ನು ಮಗುವಿನ ಬಳಿ ತರಬೇಕು. ಮಳೆಗಾಲದ ತೇವದಲ್ಲಿ ಈ ಮೆರುಗು ಬೆಳ್ಳಗೆ ಮಬ್ಬಾಗುತ್ತದೆ. ಮಾಘ, ಫಾಲ್ಗುಣಗಳ ಒಣಹವೆ ಇದಕ್ಕೆ ಪ್ರಶಸ್ತ.

ಬಾಗಿಲು, ಮೇಜುಗಳಿಗೆ ಅಗಸೆ ಎಣ್ಣೆ ಸಾಕು. ಕೆಲವರು ಕೊಬ್ಬರಿ ಎಣ್ಣೆಯನ್ನೇ ಬಳಿಯುತ್ತಾರೆ. ಅದು ಎಂದಿಗೂ ಒಣಗದೆ ಧೂಳನ್ನು ಹಿಡಿದುಕೊಳ್ಳುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಮರದ ಎಳೆಯ ದಿಕ್ಕಿನಲ್ಲಿ ತೆಳುವಾಗಿ ಬಳಿದು, 15–20 ನಿಮಿಷ ಬಿಟ್ಟು, ಉಳಿದುದನ್ನು ಪೂರ್ತಿ ಒರೆಸಬೇಕು. ಒಂದು ಲೇಪ ಒಣಗದೆ ಇನ್ನೊಂದನ್ನು ಕೊಡಬಾರದು. ಹಾರ್ಡ್‌ವೇರ್ ಅಂಗಡಿಯ 'ಡಬಲ್ ಬಾಯ್ಲ್ಡ್' ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಅಗಸಿ ಹಿಂಡಿಯನ್ನು ರೊಟ್ಟಿಯೊಂದಿಗೆ ಉಣ್ಣುವ ನಮ್ಮ ಜನ, ಹೆಸರು ಒಂದೇ ಆಯಿತೆಂದು ಈ ಎಣ್ಣೆಯನ್ನು ಅಡುಗೆಮನೆಯೊಳಗೆ ತರಬಾರದು.

ಬಿರುಕುಬಿಟ್ಟ ಹಿಮ್ಮಡಿಗೆ ನಾವು ಕೊಡುವ ಸಿಕ್ಥತೈಲವು ಜೇನುಮೇಣ ಮತ್ತು ಎಳ್ಳೆಣ್ಣೆಗಳ ಪಾಕ. ಅದೇ ರೀತಿಯಲ್ಲಿ ಒಂದು ಭಾಗ ಜೇನುಮೇಣವನ್ನು ನಾಲ್ಕು ಭಾಗ ಅಗಸೆ ಎಣ್ಣೆಯಲ್ಲಿ ಕರಗಿಸಿದರೆ ಮರಕ್ಕೆ ಸೌಮ್ಯವಾದ ಹೊಳಪು ಸಿಗುತ್ತದೆ. ಪಾತ್ರೆಯನ್ನು ನೇರವಾಗಿ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು.

ಎಣ್ಣೆಬಟ್ಟೆ

ಅಗಸೆ ಎಣ್ಣೆ ಒಣಗುವಾಗ ಶಾಖವನ್ನು ಬಿಡುತ್ತದೆ. ಹಲಗೆಯ ಮೇಲೆ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಒರೆಸುಬಟ್ಟೆಯೊಳಗೆ ಅದು ಸಂಚಯವಾಗುತ್ತಾ ಹೋಗಿ, ಕಿಡಿಯ ಸಂಪರ್ಕವಿಲ್ಲದೆಯೇ, ಕೆಲವು ಗಂಟೆಗಳ ನಂತರ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಸಂಜೆ ಕೆಲಸ ಮುಗಿಸಿ ಮಲಗಿದವರ ಮನೆಗೆ ನಡುರಾತ್ರಿಯಲ್ಲಿ ಬೆಂಕಿ ಬೀಳುವುದು ಹೀಗೆ. ಆದ್ದರಿಂದ ಎಣ್ಣೆಬಟ್ಟೆಯನ್ನು ಕೆಲಸ ಮುಗಿದ ಕ್ಷಣವೇ ನೀರಿನಲ್ಲಿ ನೆನೆಸಬೇಕು. ಇಲ್ಲವೇ ಬಯಲಿನಲ್ಲಿ ಒಂದೊಂದನ್ನೇ ಬಿಡಿಯಾಗಿ ಹರಡಿ, ಗರಿಗರಿಯಾಗಿ ಒಣಗುವವರೆಗೆ ಬಿಡಬೇಕು. ಹೊಟ್ಟು ತುಂಬಿದ ಚೀಲದೊಳಗೆ ಅದನ್ನು ಎಂದಿಗೂ ತುರುಕಬಾರದು.

ಸಲಕರಣೆಗಳ ಆರೈಕೆ

ಮೊಂಡಾದ ಉಳಿಯೇ ಕೈ ಕೊಯ್ಯುತ್ತದೆ. ಅದಕ್ಕೆ ಹೆಚ್ಚು ಬಲ ಹಾಕಬೇಕಾಗುವುದರಿಂದ ಜಾರುತ್ತದೆ. ವಾರಕ್ಕೊಮ್ಮೆ ಸಾಣೆ ಹಿಡಿದು, ತುಕ್ಕು ಬಾರದಂತೆ ತೆಳುವಾಗಿ ಯಂತ್ರದ ಎಣ್ಣೆ ಸವರಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕಬೇಕು. ಗಾಯವಾದರೆ ಅರಿಶಿನವನ್ನು ಒಳಗೆ ತುಂಬುವುದಕ್ಕಿಂತ ಮೊದಲು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಆಳವಾದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದು ಅವಶ್ಯ. ಕೋಣೆಯಲ್ಲಿ ಬೆಳಕು ಸಾಕಷ್ಟಿರಲಿ. ಬಾಗಿಲ ಬಳಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಸದಾ ಇರಲಿ. ಹೊತ್ತಿದ ಎಣ್ಣೆ, ಥಿನ್ನರುಗಳಿಗೂ ವಿದ್ಯುತ್ ಉಪಕರಣಗಳಿಗೂ ನೀರೆರಚದೆ ಮರಳನ್ನೇ ಬಳಸಬೇಕು.

ಆ ಶಿಕ್ಷಕರ ಮನೆಯಲ್ಲಿ ಅಂದೇ ಕೆಲಸ ನಿಂತಿತು. ತಾಯಿ ಮಗುವನ್ನು ಬಂಧುಗಳ ಮನೆಗೆ ಕಳುಹಿಸಿ, ನೆಲ ಗೋಡೆಗಳನ್ನು ಮೂರು ಸಲ ಒದ್ದೆಬಟ್ಟೆಯಿಂದ ಒರೆಸಲಾಯಿತು. ಮೂವರ ರಕ್ತದಲ್ಲಿಯೂ ಸೀಸದ ಪರೀಕ್ಷೆ ಮಾಡಿಸಿದೆವು. ಪುಣ್ಯಕ್ಕೆ ಆತಂಕಪಡುವಂಥದ್ದು ಕಾಣಲಿಲ್ಲ. ಮೊದಲು ಕೊಟ್ಟಿದ್ದ ಅದೇ ಕಷಾಯ ಈಗ ಕೆಲಸ ಮಾಡಿತು. ಎರಡು ವಾರಗಳಲ್ಲಿ ಕೆಮ್ಮು ನಿಂತಿತು. ತೊಟ್ಟಿಲಿನ ಉಳಿದ ಬಣ್ಣವನ್ನು ಊರ ಹೊರಗಿನ ಬಡಗಿಯೊಬ್ಬರ ಚಪ್ಪರದಲ್ಲಿ ಒದ್ದೆಯಾಗಿ ತೆಗೆಸಿ, ಅರಗಿನ ಮೆರುಗು ಕೊಡಿಸಿದರು. ಮೂರು ತಿಂಗಳು ತಡವಾಗಿಯಾದರೂ ಮೊಮ್ಮಗಳು ಅಜ್ಜನ ತೊಟ್ಟಿಲಲ್ಲಿಯೇ ಮಲಗಿದಳು.

ಅಂದಿನಿಂದ ನಾವೂ ಒಂದು ಪಾಠ ಕಲಿತಿದ್ದೇವೆ. ಕೆಮ್ಮೆಂದು ಬಂದವರ ನಾಲಿಗೆ, ನಾಡಿಗಳೊಂದಿಗೆ ಅವರ ಉಗುರುಗಳನ್ನೂ ನೋಡುತ್ತೇವೆ. ಓದುಗರು ತಾವಾಗಿಯೇ ತಮ್ಮ ಮನೆಗೆಲಸವನ್ನು ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸಿದರೆ ರೋಗಿಯ ಒಂದು ವಾರವೂ ವೈದ್ಯರ ಒಂದು ತಪ್ಪೂ ಉಳಿಯುತ್ತವೆ.