ಎರಡನೆಯ ಬಾಣ ಯಾರ ಕೈಯಲ್ಲಿದೆ?

*ಇಂದಿನ ಧಮ್ಮ ಚಿಂತನೆ*



ಹದಿನೈದು ದಿನದ ಹಿಂದೆ ಕೋಡ್ಲಾದ ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದಳು. “ಅಣ್ಣಾ, ಮೊಬೈಲ್‌ನ್ಯಾಗ ಒಂದು ದವಾಖಾನಿ ಸೀರಿಯಲ್ ನೋಡ್ಲಾಕತ್ತಿದ್ದೆ. ಕಡೀ ಸಂಚಿಕಿ ನೋಡಿ ಎರಡು ದಿನ ಊಟ ಸೇರಲಿಲ್ಲ. ಇಲ್ಲದ ಮಂದಿ ಸಲುವಾಗಿ ಅತ್ತಿದ್ದು ತಪ್ಪಾ?”

ಕೆಲವರು ನಕ್ಕರು. ಒಬ್ಬರು “ಇದು ಮೋಹ, ಬಿಡಬೇಕು” ಅಂದರು. ಹಿರಿಯ ತಾಯಿಯೊಬ್ಬರು ಮಾತ್ರ ನಗಲಿಲ್ಲ. “ನೀವು ಈಗ ಸೀರಿಯಲ್‌ಗೆ ಅಳ್ತೀರಿ. ನಾವು ‘ಶರಪಂಜರ’ಕ್ಕ ಅತ್ತಿದ್ದೆವು. ಮೊದಲು ಅದನ್ನ ನೋಡ್ರಿ, ಆಮ್ಯಾಲ ಮಾತಾಡೋಣು” ಅಂದರು.

ಹಾಗಾಗಿ ಕಳೆದ ಭಾನುವಾರ ಸಂಜೆ ಎಂಟು-ಹತ್ತು ಜನ ಒಂದೇ ಮನೆಯಲ್ಲಿ ಕೂತು ‘ಶರಪಂಜರ’ ನೋಡಿದೆವು. ಇಂದಿನ ಚಿಂತನೆ ಆ ಸಂಜೆಯದು.

*ಕಥೆ ಮತ್ತು ಅದರ ಕೊನೆ*

‘ಶರಪಂಜರ’ ತ್ರಿವೇಣಿಯವರ ಕಾದಂಬರಿ. ಅನಸೂಯಾ ಶಂಕರ್ ಎಂಬುದು ಅವರ ನಿಜವಾದ ಹೆಸರು. ಮನಃಶಾಸ್ತ್ರ ಓದಿದವರು, ಮನಸ್ಸಿನ ಕಾಯಿಲೆಯನ್ನು ಕನ್ನಡದ ಮನೆಮನೆಯ ಮಾತಾಗಿಸಿದವರು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲ್ ಈ ಕಾದಂಬರಿಯನ್ನು 1971ರಲ್ಲಿ ತೆರೆಗೆ ತಂದರು. ಕಲ್ಪನಾ ಕಾವೇರಿಯಾದರು, ಗಂಗಾಧರ್ ಅವಳ ಗಂಡ ಸತೀಶನಾದರು. ಕನ್ನಡದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ಕಥೆ ಬಹಳ ಮಂದಿಗೆ ಗೊತ್ತು. ಪ್ರೀತಿಸಿ ಮದುವೆಯಾದ ಕಾವೇರಿ ಎರಡನೆಯ ಹೆರಿಗೆಯ ಸಮಯದಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಾಳೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗುತ್ತದೆ, ಗುಣವಾಗಿ ಮನೆಗೆ ಬರುತ್ತಾಳೆ. ವೈದ್ಯರ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಊರು ಮತ್ತು ಮನೆ ಅವಳನ್ನು ಗುಣವಾಗಲು ಬಿಡುವುದಿಲ್ಲ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನ ಮನಸ್ಸು ಅವಳಿಂದ ದೂರವಾಗಿದೆ, ಅವನಿಗೆ ಬೇರೊಬ್ಬಳ ಸಹವಾಸವಿದೆ. ಅದು ಗೊತ್ತಾದ ದಿನ ಕಾವೇರಿ ಮತ್ತೆ ಒಡೆದುಹೋಗುತ್ತಾಳೆ. ಎಲ್ಲಿಂದ ಗುಣವಾಗಿ ಬಂದಿದ್ದಳೋ ಅದೇ ಆಸ್ಪತ್ರೆಗೆ ವಾಪಸ್. ಸಿನಿಮಾ ಮುಗಿಯುತ್ತದೆ.

ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. “ಇದು ಮೋಹ” ಅಂದಿದ್ದ ಅಣ್ಣನೇ ಟವಲ್ಲಿನಿಂದ ಮುಖ ಒರೆಸಿಕೊಂಡರು.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ‘ಮ್ಯಾಶ್’ ಎಂಬ ಧಾರಾವಾಹಿ 1972ರಿಂದ 11 ಸೀಸನ್ ನಡೆಯಿತು. ಕೊರಿಯಾ ಯುದ್ಧದ ಒಂದು ಸೇನಾ ಆಸ್ಪತ್ರೆಯ ಕಥೆ. 1983ರ ಫೆಬ್ರವರಿ 28ರಂದು ಅದರ ಕೊನೆಯ ಸಂಚಿಕೆಯನ್ನು 10 ಕೋಟಿಗೂ ಹೆಚ್ಚು ಜನ ನೋಡಿದರು. ಆ ಕೊನೆಯ ಸಂಚಿಕೆಯಲ್ಲೂ ಮಾನಸಿಕ ಆಸ್ಪತ್ರೆಯೇ ಇದೆ. ವರ್ಷಗಟ್ಟಲೆ ಗಾಯಾಳುಗಳನ್ನು ನಗಿಸುತ್ತ ಹೊಲಿಗೆ ಹಾಕುತ್ತಿದ್ದ ಡಾಕ್ಟರ್, ಕಣ್ಣೆದುರು ಸತ್ತ ಒಂದು ಹಸುಗೂಸಿನ ನೆನಪನ್ನು ತಡೆಯಲಾರದೆ ತಾನೇ ರೋಗಿಯಾಗಿ ಕೂತಿದ್ದಾನೆ. ಕಣ್ಣೀರಿಗೆ ದೇಶ ಭಾಷೆ ಇಲ್ಲ.

*ಅತ್ತಿದ್ದು ತಪ್ಪಾ?*

ತಂಗಿಯ ಪ್ರಶ್ನೆಗೆ ಈಗ ಬರೋಣ. ಕಣ್ಣು ಇದೆ, ರೂಪ ಇದೆ, ನೋಡುವ ಅರಿವು ಇದೆ. ಈ ಮೂರೂ ಕೂಡಿದರೆ ಸ್ಪರ್ಶ. ಸ್ಪರ್ಶವಾದರೆ ವೇದನೆ ಹುಟ್ಟುತ್ತದೆ: ಸುಖ, ದುಃಖ, ಅಥವಾ ಎರಡೂ ಅಲ್ಲದ್ದು. ಪಾಲಿಯಲ್ಲಿ ವೇದನೆ ಎಂದರೆ ನೋವು ಮಾತ್ರವಲ್ಲ, ಯಾವುದೇ ಅನುಭವದ ರುಚಿ. ಎದುರಿಗಿರುವುದು ಜೀವಂತ ಹೆಂಗಸೋ ಪರದೆಯ ಮೇಲಿನ ಬೆಳಕೋ ಎಂದು ವೇದನೆ ಮೊದಲು ಕೇಳುವುದಿಲ್ಲ. ಮುಳ್ಳು ತಾಗಿದರೆ ಕಾಲು ಹಿಂದೆ ಸರಿದ ಹಾಗೆ, ಮನಸ್ಸು ಕರಗುತ್ತದೆ. ಆದ್ದರಿಂದ ಅತ್ತದ್ದು ತಪ್ಪಲ್ಲ. ಕಲ್ಲಾಗುವುದು ಧಮ್ಮವೂ ಅಲ್ಲ.

ಧಮ್ಮ ಕೇಳುವ ಪ್ರಶ್ನೆ ಮುಂದಿನದು. ಆ ವೇದನೆ ಆಮೇಲೆ ಏನಾಯಿತು?

ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿ ಸಲ್ಲತ್ಥ ಸುತ್ತ ಎಂಬ ಒಂದು ಚಿಕ್ಕ ಬೋಧನೆ ಇದೆ. ಸಲ್ಲ ಎಂದರೆ ಬಾಣ. ಅದರ ಸಾರ ಇಷ್ಟು: ಧಮ್ಮ ಕೇಳದವನಿಗೆ ನೋವು ಬಂದರೆ ಎರಡು ಬಾಣ ತಾಗಿದಂತೆ. ಒಂದು ದೇಹದ ನೋವು. ಇನ್ನೊಂದು ಆ ನೋವಿಗೆ ಮನಸ್ಸು ಸೇರಿಸುವ ಗೋಳಾಟ, ದ್ವೇಷ, ಓಡಿಹೋಗುವ ಆಸೆ. ಧಮ್ಮ ಕೇಳಿದವನಿಗೂ ನೋವು ತಪ್ಪುವುದಿಲ್ಲ, ಆದರೆ ಅವನಿಗೆ ಒಂದೇ ಬಾಣ.

ಈ ಸುತ್ತವನ್ನು ಬಳಗದಲ್ಲಿ ಎಷ್ಟೋ ಸಲ ಓದಿದ್ದೇವೆ. ಭಾನುವಾರ ಮಾತ್ರ ಸಿನಿಮಾದ ಹೆಸರು ಹೊಳೆಯಿತು. ಶರ ಎಂದರೂ ಬಾಣವೇ. ಶರಪಂಜರ ಎಂದರೆ ಬಾಣಗಳ ಪಂಜರ. ಕಾವೇರಿಗೆ ತಾಗಿದ್ದು ಒಂದಲ್ಲ, ಎರಡಲ್ಲ. ಸುತ್ತಲೂ ಬಾಣ ನೆಟ್ಟು ಪಂಜರವನ್ನೇ ಕಟ್ಟಿದರು.

ಇಲ್ಲಿ ಒಂದು ಎಚ್ಚರ ಬೇಕು. ಸುತ್ತ ಹೇಳುವ ಎರಡನೆಯ ಬಾಣ ನಮ್ಮ ಮನಸ್ಸು ತಾನೇ ಬಿಟ್ಟುಕೊಳ್ಳುವಂಥದ್ದು. ಇದನ್ನು ಹಿಡಿದು ಮನಸ್ಸಿನ ಕಾಯಿಲೆ ಇರುವವರಿಗೆ “ಧ್ಯಾನ ಮಾಡು, ಮನಸ್ಸು ಗಟ್ಟಿ ಮಾಡ್ಕೊ, ಸರಿ ಹೋಗ್ತದ” ಎಂದು ಹೇಳುವುದು ದೊಡ್ಡ ತಪ್ಪು. ಅವರ ಕಾಯಿಲೆಯೇ ಮೊದಲ ಬಾಣ. ಮಲೇರಿಯಾ, ಸಕ್ಕರೆ ಕಾಯಿಲೆ ಇದ್ದಂತೆ ಅದೂ ಕಾಯಿಲೆ, ಅದಕ್ಕೆ ಔಷಧ ಬೇಕು. ಹೆರಿಗೆಯಾದ ಮೊದಲ ಎರಡು ಮೂರು ವಾರದಲ್ಲಿ ತೀವ್ರ ಮಾನಸಿಕ ಕಾಯಿಲೆ ಸಾವಿರ ತಾಯಂದಿರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಬೇಗ ಚಿಕಿತ್ಸೆ ಕೊಡಿಸಿದರೆ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಇದಕ್ಕೆಂದೇ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇಟ್ಟುಕೊಳ್ಳುವ ವಿಭಾಗ ತೆರೆಯಿತು. ಅದು ಗಾಳಿ ಸೋಕಿದ್ದಲ್ಲ, ಯಾರೋ ಮಾಡಿಸಿದ್ದಲ್ಲ.

ಹಾಗಾದರೆ ಕಾವೇರಿಯ ಉಳಿದ ಬಾಣಗಳನ್ನು ಬಿಟ್ಟವರು ಯಾರು? ಗಂಡ ಒಬ್ಬನೇ ಅಲ್ಲ. ಪಿಸುಮಾತು ಆಡಿದವರು, ದೂರ ಸರಿದವರು, “ಪಾಪ” ಅಂದವರು. ನಮ್ಮಂಥವರೇ.

*ಅಂದು ರಾತ್ರಿ ಆದದ್ದು*

ಸಿನಿಮಾ ಮುಗಿಸಿ ಕಣ್ಣು ಒರೆಸಿಕೊಂಡು ಓಣಿಗೆ ಬಂದೆವು. ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾಳೆ. ಕೆಲವು ವರ್ಷದ ಹಿಂದೆ ಅವಳ ಮನಸ್ಸು ಕೆಟ್ಟಿತ್ತು. ಈಗ ಗುಳಿಗೆ ನುಂಗುತ್ತಾಳೆ, ಮನೆಗೆಲಸ ಮಾಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ತೊಗರಿ ರಾಶಿಯ ಕಾಲಕ್ಕೆ ಹೊಲಕ್ಕೂ ಹೋಗುತ್ತಾಳೆ. ಹಾಸುಗಲ್ಲಿನ ಕಟ್ಟೆಯ ಮೇಲೆ ಕೂತು ಹೋಗಿ ಬರುವ ಎಲ್ಲರನ್ನೂ “ಊಟ ಆಯ್ತೇನ್ರಿ?” ಎಂದು ಕೇಳುತ್ತಾಳೆ.

ಅಂದೂ ಕೇಳಿದಳು. ನಾನು ಏನು ಮಾಡಿದೆ ಗೊತ್ತೆ? ದಿನಾ ಮಾಡುವುದನ್ನೇ ಮಾಡಿದೆ. ಕೇಳಿಸದವನಂತೆ ಮೊಬೈಲ್ ನೋಡುತ್ತ ಓಣಿಯ ಆ ಬದಿಗೆ ಸರಿದೆ. ನನ್ನ ಜೊತೆಗಿದ್ದ ಹುಡುಗ “ಹುಚ್ಚಿ ಕರೀಲತ್ತಾಳ” ಎಂದು ನಕ್ಕ. ನಾನು ಅವನನ್ನು ತಡೆಯಲಿಲ್ಲ. ತಡೆಯದೆ ಇದ್ದದ್ದಷ್ಟೇ ಅಲ್ಲ, ನನಗೂ ಅರ್ಧ ನಗು ಬಂತು.

ಮನೆಗೆ ಹೋಗಿ ಕಾಲು ತೊಳೆಯುವಾಗ ಹೊಳೆಯಿತು. ಕೆನ್ನೆಯ ಮೇಲೆ ಕಾವೇರಿಗಾಗಿ ಸುರಿಸಿದ ನೀರು ಇನ್ನೂ ಆರಿರಲಿಲ್ಲ. ಆ ಅಕ್ಕನನ್ನು ತೊಟ್ಟಿಲ ಕಾರ್ಯಕ್ಕೆ ಯಾರೂ ಕರೆಯುವುದಿಲ್ಲ, ಅವಳ ಕೈಗೆ ಕೂಸು ಕೊಡುವುದಿಲ್ಲ. ನಮ್ಮ ಮನೆಯ ತೊಟ್ಟಿಲಿಗೂ ನಾವು ಕರೆದಿರಲಿಲ್ಲ. ಐವತ್ತು ವರ್ಷ ದಾಟಿದ ಸಿನಿಮಾದ ಖಳರನ್ನು ಬೈಯುತ್ತ ಬಂದವನು, ನಮ್ಮ ಓಣಿಯ ಸಿನಿಮಾದಲ್ಲಿ ನಾನು ಯಾವ ಪಾತ್ರ ಎಂದು ಕೇಳಿಕೊಂಡಿರಲಿಲ್ಲ.

*ಕರುಣೆಯ ಹತ್ತಿರದ ಶತ್ರು*

ಬುದ್ಧಘೋಷರ ವಿಸುದ್ಧಿಮಗ್ಗ ಕರುಣೆಗೆ ಇಬ್ಬರು ಶತ್ರುಗಳಿದ್ದಾರೆ ಎನ್ನುತ್ತದೆ. ದೂರದ ಶತ್ರು ಕ್ರೌರ್ಯ. ಅದು ಎದುರಿಗೆ ಬಂದರೆ ಗುರುತು ಸಿಗುತ್ತದೆ. ಹತ್ತಿರದ ಶತ್ರು ಲೌಕಿಕ ದುಃಖ. ಅದು ಕರುಣೆಯ ಹಾಗೆಯೇ ಕಾಣುತ್ತದೆ, ಅದಕ್ಕೂ ಕಣ್ಣೀರಿದೆ, ಅದಕ್ಕೇ ಮೋಸ ಹೋಗುತ್ತೇವೆ.

ವ್ಯತ್ಯಾಸ ಹೇಗೆ ತಿಳಿಯುವುದು? ಲೌಕಿಕ ದುಃಖ ನನ್ನ ಸುತ್ತಲೇ ಸುತ್ತುತ್ತದೆ: ನನಗೆ ಊಟ ಸೇರಲಿಲ್ಲ, ನನಗೆ ನಿದ್ದೆ ಬರಲಿಲ್ಲ, ಕಥೆ ಹೀಗೆ ಮುಗಿಯಬಾರದಿತ್ತು. ಕರುಣೆ ಎದುರಿನವರ ಕಡೆ ತಿರುಗುತ್ತದೆ: ಅವರಿಗೆ ಈಗ ಏನು ಬೇಕು? ಪರದೆಯ ಮೇಲಿನ ಕಾವೇರಿಗೆ ನಮ್ಮಿಂದ ಏನೂ ಬೇಕಿಲ್ಲ. ಅದೇ ಅಳುವುದನ್ನು ಸುಲಭ ಮಾಡುತ್ತದೆ. ಕಟ್ಟೆಯ ಮೇಲಿನ ಅಕ್ಕನಿಗೆ ಒಂದು ಉತ್ತರ ಬೇಕು. ಅದೇ ಕಷ್ಟ.

*ಇನ್ನೊಂದು ಕೊನೆ*

ಹಾಗಾದರೆ ಇಂಥ ಕಥೆಗೆ ಬೇರೆ ಕೊನೆ ಇರಲು ಸಾಧ್ಯವೇ? ಇದೆ. ಪಟಾಚಾರೆಯ ಕಥೆ ನೆನೆಸಿಕೊಳ್ಳಿ. ಶ್ರಾವಸ್ತಿಯ ಶ್ರೀಮಂತನ ಮಗಳು, ಮನೆಯ ಆಳಿನ ಜೊತೆ ಓಡಿಹೋಗಿ ಸಂಸಾರ ಮಾಡಿದವಳು. ತವರಿಗೆ ಹೊರಟ ದಾರಿಯಲ್ಲಿ ಗಂಡನಿಗೆ ಹಾವು ಕಚ್ಚಿತು. ಆಗ ತಾನೇ ಹುಟ್ಟಿದ ಕೂಸನ್ನು ಗಿಡುಗ ಎತ್ತಿಕೊಂಡು ಹೋಯಿತು, ಹಿರಿಯ ಮಗ ಹೊಳೆಯಲ್ಲಿ ಕೊಚ್ಚಿಹೋದ. ತವರಿನ ಮನೆ ಮಳೆಗೆ ಕುಸಿದು ತಂದೆ, ತಾಯಿ, ಅಣ್ಣ ಸತ್ತರು. ಅವಳಿಗೆ ಮೈಮೇಲಿನ ಬಟ್ಟೆಯ ಪರಿವೆಯೂ ಹೋಯಿತು. ಜನ ಹುಚ್ಚಿ ಎಂದು ಕೂಗಿ ಕಸ, ಮಣ್ಣುಹೆಂಟೆ ಎಸೆದರು.

ಅವಳು ಜೇತವನಕ್ಕೆ ಬಂದಾಗಲೂ ಕೂತಿದ್ದವರು ಒಳಗೆ ಬಿಡಬೇಡಿ ಎಂದರು. ಬುದ್ಧರು ತಡೆಯಬೇಡಿ ಎಂದರು. ಅವಳನ್ನು ತಂಗಿ ಎಂದು ಕರೆದು, ಅರಿವಿಗೆ ಮರಳು ಎಂದರು. ಒಬ್ಬ ತನ್ನ ಹೊದಿಕೆಯನ್ನು ಅವಳತ್ತ ಎಸೆದ. ಅವಳು ಹೊದ್ದುಕೊಂಡು ಕೂತಳು. ಮುಂದೆ ಅವಳೇ ವಿನಯ ಬಲ್ಲ ಭಿಕ್ಖುಣಿಯರಲ್ಲಿ ಮೊದಲಿಗಳಾದಳು.

ಮೊದಲ ಬಾಣ ಕಾವೇರಿಗಿಂತ ಪಟಾಚಾರೆಗೇ ಹೆಚ್ಚು ಆಳಕ್ಕೆ ಇಳಿದಿತ್ತು. ಆದರೂ ಕೊನೆ ಬೇರೆಯಾಯಿತು. ಯಾರೋ ಒಬ್ಬರು “ತಂಗಿ” ಎಂದರು. ಯಾರೋ ಒಬ್ಬರು ಬಟ್ಟೆ ಕೊಟ್ಟರು. ಆ ಹೊದಿಕೆ ಕೊಟ್ಟವನ ಹೆಸರು ಯಾರಿಗೂ ಗೊತ್ತಿಲ್ಲ. ನಾವು ಬುದ್ಧರಾಗಲು ಜನ್ಮಗಳು ಬೇಕು. ಆ ಹೆಸರಿಲ್ಲದ ಮನುಷ್ಯನಾಗಲು ಒಂದು ಸಂಜೆ ಸಾಕು.

ಮನಸ್ಸು ಕರಗಿದ್ದು ಕೆಲಸವಾಗಬೇಕು ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಸಾಕ್ಷಿ ಇದೆ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಅಶೋಕನ ಶಾಸನ ಸಿಕ್ಕಿತು. ಕಳಿಂಗದಲ್ಲಿ ಧೌಲಿ, ಜೌಗಡದ ಬಂಡೆಗಳ ಮೇಲಿರುವ ಎರಡು ವಿಶೇಷ ಶಾಸನಗಳು ಇಲ್ಲಿಯೂ ಇವೆ. ಯುದ್ಧದ ಸಾವುಗಳಿಗೆ ಮರುಗಿದ ದೊರೆ ಅಲ್ಲಿ ಬರೀ ಮರುಗಿ ನಿಲ್ಲುವುದಿಲ್ಲ. ಜನರೆಲ್ಲ ನನ್ನ ಮಕ್ಕಳಿದ್ದಂತೆ, ಕಾರಣವಿಲ್ಲದೆ ಯಾರೂ ಸೆರೆಯಾಗದಂತೆ, ಹಿಂಸೆ ಅನುಭವಿಸದಂತೆ ನೋಡಿಕೊಳ್ಳಿ ಎಂಬ ಅರ್ಥದಲ್ಲಿ ಅಧಿಕಾರಿಗಳಿಗೆ ಕೆಲಸ ಹಚ್ಚುತ್ತಾನೆ. ಮರುಕ ಅವನಿಗೆ ಕೊನೆಯಲ್ಲ, ಮೊದಲು.

*ಇಂದಿನ ಅಭ್ಯಾಸ*

1. ಸಿನಿಮಾ, ಸೀರಿಯಲ್ ನೋಡಿ ಅಳು ಬಂದರೆ ತಡೆಯಬೇಡಿ, ನಾಚಬೇಡಿ. ಮುಗಿದ ಮೇಲೆ ಐದು ನಿಮಿಷ ಸುಮ್ಮನೆ ಕೂತು ಉಸಿರು ಗಮನಿಸಿ. ಎದೆಯಲ್ಲಿ, ಗಂಟಲಲ್ಲಿ ಏನಿದೆ ನೋಡಿ. ಇದು ವೇದನೆ, ಹುಟ್ಟಿದೆ, ಹೋಗುತ್ತದೆ ಎಂದು ತಿಳಿಯಿರಿ.

2. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಪಾತ್ರದಂಥವರು ನನ್ನ ಓಣಿಯಲ್ಲಿ ಯಾರಿದ್ದಾರೆ?

3. ‘ಹುಚ್ಚ’, ‘ಹುಚ್ಚಿ’ ಎಂಬ ಮಾತನ್ನು ಇಂದಿನಿಂದ ಮನೆಯಲ್ಲಿ ಬಿಡೋಣ. ಮಕ್ಕಳು ಅಂದರೆ ಮೆಲ್ಲಗೆ ತಿದ್ದೋಣ. ಸಮ್ಯಕ್ ವಾಕ್ ಎಂದರೆ ಇದೂ ಹೌದು.

4. ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆ ಇದ್ದರೆ, ಬಾಣಂತಿ ವಿಚಿತ್ರವಾಗಿ ಮಾತಾಡುತ್ತಿದ್ದರೆ, ನಿದ್ದೆಯನ್ನೇ ಮಾಡದಿದ್ದರೆ, ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಶುರುವಾದ ಗುಳಿಗೆಯನ್ನು ವೈದ್ಯರನ್ನು ಕೇಳದೆ ಬಿಡಿಸಬೇಡಿ.

ನನ್ನ ಲೆಕ್ಕವನ್ನೂ ಹೇಳಿ ಮುಗಿಸುತ್ತೇನೆ. ಸೋಮವಾರ ಸಂಜೆ ಅದೇ ಕಟ್ಟೆಯ ಮುಂದೆ ನಡೆದೆ. ಅಕ್ಕ ಕೇಳಿದಳು, “ಊಟ ಆಯ್ತೇನ್ರಿ?” ನಿಂತು, “ಇನ್ನಾ ಇಲ್ಲಕ್ಕ, ನಿಮ್ದು?” ಅಂದೆ. ಅವಳಿಗೆ ಆಶ್ಚರ್ಯವಾಯಿತು ಅನ್ನಿಸುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಂದೂ ಇಲ್ಲ. ಬ್ಯಾಳಿ ಕುದೀಲತ್ತದ” ಅಂದಳು. ಅಷ್ಟೇ ಮಾತು. ಮುಂದಿನ ತಿಂಗಳು ನಮ್ಮ ತಮ್ಮನ ಮಗುವಿನ ತೊಟ್ಟಿಲು ಇದೆ. ಕರೆಯಲು ನಾನೇ ಹೋಗುತ್ತೇನೆ.

ಪ್ರಶ್ನೆ ಕೇಳಿದ ತಂಗಿಗೆ ನಮ್ಮ ಉತ್ತರ ಇದು: ಅತ್ತಿದ್ದು ತಪ್ಪಲ್ಲವ್ವ. ಅಲ್ಲಿಗೇ ನಿಂತರೆ ತಪ್ಪು.

ಎಲ್ಲ ಜೀವಿಗಳೂ ಸುಖವಾಗಿರಲಿ. ನಮ್ಮ ಕೈಯಲ್ಲಿರುವ ಎರಡನೆಯ ಬಾಣ ಕೆಳಗೆ ಬೀಳಲಿ.

ಭವತು ಸಬ್ಬ ಮಂಗಳಂ. ಸಾಧು, ಸಾಧು, ಸಾಧು.

_ಇಷ್ಟವಾದರೆ ಮನೆಯವರಿಗೆ ಓದಿ ಹೇಳಿ, ಆಮೇಲೆ ಇತರರಿಗೆ ಕಳುಹಿಸಿ._