ಡಿವಿಡೆಂಡ್ ಬಂದರೆ ಅಸಲು ಭದ್ರವೇ?

ಪ್ರಶ್ನೆ: ನನಗೆ 63 ವರ್ಷ. ದೇವನಹಳ್ಳಿ ತಾಲ್ಲೂಕಿನವಳು. ನಮ್ಮ ದ್ರಾಕ್ಷಿ ತೋಟ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಪರಿಹಾರದ ಹಣ ಬ್ಯಾಂಕಿನಲ್ಲಿದೆ. ‘ಅಷ್ಟನ್ನೂ ಡಿವಿಡೆಂಡ್ ಕೊಡೋ ಷೇರಿಗೆ ಹಾಕಿ ಅತ್ತೆ, ಅಸಲು ಮುಟ್ಟದೆ ಕೂತು ಉಣ್ಣಬಹುದು’ ಎನ್ನುತ್ತಾರೆ ಅಳಿಯ. ಬೇಡವೆಂದರೆ ಮಗಳಿಗೆ ಬೇಸರ, ಹೂಂ ಎಂದರೆ ನನಗೆ ನಿದ್ದೆಯಿಲ್ಲ. ಏನು ಮಾಡಲಿ?

ಉತ್ತರ: ನಿದ್ದೆ ಬಾರದಿರುವುದು ಸಹಜ, ಅಮ್ಮ. ದುಡಿದು ಉಳಿಸಿದ ತೋಟ ಈಗ ಪಾಸ್‌ಬುಕ್ಕಿನ ಒಂದು ಸಾಲಾಗಿದೆ. ಅದೂ ಕೈಬಿಟ್ಟರೆ ಎಂಬ ದಿಗಿಲು ಭೂಮಿ ಕೊಟ್ಟ ಯಾರಿಗಾದರೂ ಬರುತ್ತದೆ. ಅಳಿಯನೂ ನಿಮ್ಮ ಒಳಿತಿಗೇ ಹೇಳುತ್ತಿರಬೇಕು. ನಿಮಗೂ ಅವರಿಗೂ ಬೇಕಿರುವುದು ನಿಮ್ಮ ನೆಮ್ಮದಿಯೇ.

ಆದರೆ ತೋಟಕ್ಕೂ ಷೇರಿಗೂ ಒಂದು ವ್ಯತ್ಯಾಸವಿದೆ. ದ್ರಾಕ್ಷಿಗೆ ಬೆಲೆ ಸಿಗದ ವರ್ಷವೂ ನಿಮ್ಮ ತೋಟ ಇದ್ದಲ್ಲೇ ಇರುತ್ತಿತ್ತು. ಷೇರಿನಲ್ಲಿ ಫಸಲೂ ತಪ್ಪಬಹುದು, ತೋಟವೂ ಕುಗ್ಗಬಹುದು. ಡಿವಿಡೆಂಡ್ ಬಡ್ಡಿಯಂತೆ ಖಚಿತವಲ್ಲ. ಕಂಪನಿ ಅದನ್ನು ಇಳಿಸಬಹುದು, ನಿಲ್ಲಿಸಲೂಬಹುದು. ಕೋವಿಡ್ ಹಬ್ಬುತ್ತಿದ್ದ 2020ರ ಏಪ್ರಿಲ್‌ನಲ್ಲಿ, ಹಿಂದಿನ ವರ್ಷದ ಲಾಭದಿಂದ ಇನ್ನು ಡಿವಿಡೆಂಡ್ ಕೊಡಕೂಡದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕ್ ಷೇರನ್ನೇ ನಂಬಿದ್ದವರು ಕಷ್ಟಕಾಲದಲ್ಲೇ ಕೈಕಟ್ಟಿ ಕೂರಬೇಕಾಯಿತು.

‘ಶೇ 10 ಬರುತ್ತೆ’ ಎಂದು ಯಾರಾದರೂ ಹೇಳಿದಾಗ ಇನ್ನಷ್ಟು ಎಚ್ಚರವಿರಲಿ. 100 ರೂಪಾಯಿಯ ಷೇರು 5 ರೂಪಾಯಿ ಕೊಟ್ಟರೆ ಅದು ಶೇ 5. ಬೆಲೆ 50ಕ್ಕೆ ಕುಸಿದರೆ, ಹೋದ ವರ್ಷದ ಅದೇ 5 ರೂಪಾಯಿ ಮೊಬೈಲಿನಲ್ಲಿ ಶೇ 10 ಎಂದು ಕಾಣುತ್ತದೆ. ನೋಡುವವರಿಗೆ ಆಸೆ, ಮೊದಲೇ ಕೊಂಡವರ ಅಸಲು ಅರ್ಧ. ಜೊತೆಗೆ, 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ ತೆರಿಗೆಯ ಲೆಕ್ಕಕ್ಕೂ ಬರುತ್ತದೆ.

ಹಾಗೆಂದು ಷೇರೇ ಬೇಡವೆಂದಲ್ಲ. ದಿನಸಿ ಬೆಲೆ ಏರುತ್ತಲೇ ಇರುವಾಗ ಬಡ್ಡಿಯೊಂದೇ ಸಾಲದೆ ಹೋಗಬಹುದು. ಎಲ್ಲವನ್ನೂ ಅಲ್ಲಿ ಹಾಕುವುದು ಬೇಡ, ಅಷ್ಟೇ.

ಮೊದಲು ದಿನಸಿ, ಔಷಧಿ, ಕರೆಂಟ್ ಬಿಲ್ ಸೇರಿಸಿ ತಿಂಗಳ ಖರ್ಚು ಬರೆದಿಡಿ. ಅಷ್ಟು ಆದಾಯ ಖಚಿತವಾದ ಕಡೆಯಿಂದಲೇ ಬರಲಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಎಫ್‌ಡಿ ಇಡುವುದಾದರೆ ಬೇರೆ ಬೇರೆ ಬ್ಯಾಂಕಿನಲ್ಲಿಡಿ, ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ಮಾತ್ರ ವಿಮೆಯಿದೆ.

ಏಳೆಂಟು ವರ್ಷ ಮುಟ್ಟಬೇಕಾಗದ ಹಣವಿದ್ದರೆ, ಅದರಲ್ಲೊಂದು ಪಾಲು ಷೇರಿಗೆ ಹೋಗಲಿ. ಡಿಮ್ಯಾಟ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಒಟಿಪಿ ಯಾರಿಗೂ ಹೇಳಬೇಡಿ. ಅದಕ್ಕೂ ಮುನ್ನ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರೊಬ್ಬರನ್ನು ಶುಲ್ಕ ಕೊಟ್ಟೇ ಕೇಳಿ. ಅಳಿಯನನ್ನೂ ಕರೆದುಕೊಂಡು ಹೋಗಿ.

ಮನೆಯಲ್ಲಿ ಹೀಗೆ ಹೇಳಿ ನೋಡಿ: ‘ನೀವು ಹೇಳೋದ್ರಲ್ಲೂ ಅರ್ಥ ಇದೆ. ಮೊದಲು ನನ್ನ ಖರ್ಚಿನ ದಾರಿ ಭದ್ರ ಆಗ್ಲಿ, ಉಳಿದದ್ದನ್ನ ಕೂತು ಮಾತಾಡೋಣ.’ ಮಗಳ ಬೇಸರ ಕೆಲವು ದಿನದ್ದು. ಹಣ ನಿಮ್ಮದು, ತೀರ್ಮಾನವೂ ನಿಮ್ಮದೇ.

ಇಷ್ಟಾದರೂ ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಕಳೆದರೆ ತಡಮಾಡದೆ ವೈದ್ಯರನ್ನು ಕಾಣಿ, ಅಥವಾ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.